ಏಳನೆಯ ಇಳಿಜಾರು

ಡೈರಿಯಲ್ಲಿ ಕೂಡ ನಾನು ಇದನ್ನು ನೇರವಾಗಿ ಬರೆದಿರಲಿಲ್ಲ. ಮಾರ್ಚ್ ಒಂಬತ್ತರ ಪುಟದಲ್ಲಿ ‘ಏಳನೆಯದೂ ಮುಗಿಯಿತು’ ಎಂದಷ್ಟೇ ಇದೆ. ಮುಗಿದದ್ದು ನಿಜ. ಆದರೆ ಏಳನೆಯ ಇಳಿಜಾರಿಗೆ ನಾನು ಕಾಲಿಟ್ಟೇ ಇರಲಿಲ್ಲ.

ಒಂದೂವರೆ ವರ್ಷದ ಹಿಂದೆ, ನವೆಂಬರಿನ ಒಣಗಾಳಿಯಲ್ಲಿ, ನಮ್ಮ ತೆಕೊಲೊತೆ ಕಣಿವೆಯ ಮೇಲಿನ ಚಪರಲ್ ಪೂರ್ತಿ ಸುಟ್ಟುಹೋಯಿತು. ಕಿತ್ತಳೆ ತೋಟಗಳ ಕೊನೆಯ ಸಾಲು ಮುಗಿದಲ್ಲಿಂದ ಬೆಟ್ಟದ ಹೆಗಲಿನವರೆಗೆ ಆಳೆತ್ತರ ಹೆಣೆದುಕೊಂಡಿದ್ದ ಕುರುಚಲು ಕಾಡು ಎರಡು ದಿನದಲ್ಲಿ ಕರಿ ಕಡ್ಡಿಗಳಾಯಿತು. ಮನೆಗಳು ಉಳಿದವು. ಮತ್ತೆ ಬೆಂಕಿ ಬಂದರೆ ಉಳಿಯುತ್ತವೋ ಇಲ್ಲವೋ ಎಂಬ ಭಯದಿಂದ ಊರಿನವರು ಒಂದು ಸಮಿತಿ ಮಾಡಿಕೊಂಡರು. ಅದರ ಮುಖ್ಯಸ್ಥರು ವಾಲ್ಟ್ ಸ್ಟೆಂಗೆಲ್. ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಊರಿಗೆಲ್ಲ ಈಗಲೂ ಕ್ಯಾಪ್ಟನ್. ಮೂವತ್ತು ವರ್ಷ ಸೈರನ್ ಪಕ್ಕ ಕೂತು ಅವರ ಎಡಗಿವಿ ಹೋಗಿದೆ. ನನ್ನಂಥ ಪಿಸುದನಿಯವಳಿಗೆ ಅವರ ಜೊತೆ ಮಾತಾಡುವುದೆಂದರೆ ಯಾವಾಗಲೂ ಬಲಗಡೆಗೆ ಓಡಾಡುವುದು.

ಸಮಿತಿಗೆ ಗಿಡ ಎಣಿಸುವವರು ಬೇಕಾಗಿದ್ದರು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದು ಮನೆಯಲ್ಲಿ ಕೂತಿದ್ದ ನನ್ನನ್ನು, ಅಂದರೆ ನೊಯೆಮಿ ಅರೆಯಾನೆಸ್‌ಳನ್ನು, ಅಮ್ಮ ಚರ್ಚಿನ ಮೆಟ್ಟಿಲ ಮೇಲೆ ಕ್ಯಾಪ್ಟನ್ನರಿಗೆ ಒಪ್ಪಿಸಿದಳು. ‘ಇವಳು ಮಾತಾಡಲ್ಲ, ಆದ್ರೆ ಎಣಿಸ್ತಾಳೆ’ ಎಂದಳು. ಕ್ಯಾಪ್ಟನ್ ಬಲಗಿವಿ ಮುಂದೆ ಮಾಡಿ, ‘ಅಷ್ಟೇ ಬೇಕಾಗಿರೋದು’ ಎಂದರು.

ಕೆಲಸ ಹೀಗೆ: ಕಣಿವೆಯ ಮೇಲಿನ ಏಳು ಇಳಿಜಾರುಗಳಲ್ಲಿ ಒಂದೊಂದರಲ್ಲೂ ಐವತ್ತು ಮೀಟರ್ ಟೇಪು ಹಾಸಬೇಕು. ಟೇಪಿನ ಎರಡೂ ಬದಿಗೆ ಒಂದೊಂದು ಮೀಟರ್ ಅಗಲದಲ್ಲಿ ಮೊಣಕಾಲೂರಿ, ಸುಟ್ಟ ಬುಡಗಳಲ್ಲಿ ಎಷ್ಟು ಮತ್ತೆ ಚಿಗುರಿವೆ, ಬೀಜದಿಂದ ಹೊಸದಾಗಿ ಹುಟ್ಟಿದ ಸಸಿ ಎಷ್ಟು ಎಂದು ಎಣಿಸಬೇಕು. ಯಾಕೆಂದರೆ ಸಮಿತಿ ಆಡುಗಳನ್ನು ತರಿಸುವುದಿತ್ತು. ಆಡುಗಳು ಕುರುಚಲನ್ನು ಮೇಯ್ದರೆ ಬೆಂಕಿಗೆ ಆಹಾರ ಕಡಿಮೆ. ಬುಡದಿಂದ ಚಿಗುರುವ ಗಿಡಕ್ಕೆ ಆಡು ಬಾಯಿ ಹಾಕಿದರೆ ಏನೂ ಆಗುವುದಿಲ್ಲ. ನೆಲದೊಳಗೆ ತಲೆಗಾತ್ರದ ಗಂಟು ಇರುತ್ತದೆ, ಮತ್ತೆ ಚಿಗುರುತ್ತದೆ. ಬೀಜದ ಸಸಿಗೆ ಆ ಗಂಟಿಲ್ಲ. ಒಮ್ಮೆ ಮೇಯ್ದರೆ ಮುಗಿಯಿತು. ಹಾಗಾಗಿ ಚಿಗುರು ಹೆಚ್ಚಿರುವ ಇಳಿಜಾರಿಗೆ ಆಡು. ಸಸಿ ಹೆಚ್ಚಿರುವ ಇಳಿಜಾರಿಗೆ ಯಾರೂ ಹೋಗಕೂಡದು.

ಆರು ಇಳಿಜಾರುಗಳನ್ನು ನಾನು ಎಣಿಸಿದ ರೀತಿಯ ಬಗ್ಗೆ ನನಗೇ ಹೆಮ್ಮೆಯಿದೆ. ಮೊಣಕಾಲು ಕರ್ರಗಾಗಿ, ಆ ಮಸಿ ಎರಡು ವಾರ ಹೋಗಲಿಲ್ಲ. ಅನುಮಾನ ಬಂದಲ್ಲೆಲ್ಲ ಮರುದಿನ ಹೋಗಿ ಮತ್ತೆ ಎಣಿಸಿದೆ.

ಆರನೆಯದನ್ನು ಎಣಿಸಿ ಮುಗಿಸಿದ ಮೇಲೆ, ಅದಕ್ಕೂ ಏಳನೆಯದಕ್ಕೂ ಹೋಗುವ ಮೇಲಿನ ದಾರಿ ಜನವರಿಯ ಮಳೆಗೆ ಕೊಚ್ಚಿಹೋಯಿತು. ಉಳಿದದ್ದು ಊರಿನವರು ಗೌರವದಿಂದ ದೋನ್ಯಾ ಎನ್ನುವ ಹೆರ್ಲಿಂದಾಳ ಹಿತ್ತಿಲಿನ ಕಾಲುದಾರಿ. ದೋನ್ಯಾ ಹೆರ್ಲಿಂದಾ ಇನ್ಶೂರೆನ್ಸ್ ಕಂಪನಿಯವನನ್ನು ಎರಡು ಹೆಬ್ಬಾತುಗಳನ್ನು ಛೂ ಬಿಟ್ಟು ಓಡಿಸಿದವಳು. ಅವಳ ಗೇಟಿನ ಮೇಲೆ ‘ಕೇಳದೆ ಬಂದವರು ಬಂದ ಹಾಗೆ ಹೋಗುವುದಿಲ್ಲ’ ಎಂದು ಕೈಬರಹದ ಹಲಗೆಯಿದೆ. ಕೇಳಿದರೆ ಮುಗಿಯಿತಲ್ಲ ಎಂದು ಯಾರಾದರೂ ಹೇಳಿಯಾರು. ನಾನು ಮೂರು ದಿನ ಹೋಗಿ ಆ ಗೇಟಿನ ಮುಂದೆ ನಿಂತೆ. ಮೊದಲ ದಿನ ಏನು ಕೇಳಬೇಕೆಂದು ಕಾಗದದಲ್ಲಿ ಬರೆದುಕೊಂಡೇ ಹೋಗಿದ್ದೆ. ಮೂರನೆಯ ದಿನ ಗಾಡಿಯಲ್ಲೇ ಕೂತು, ಅಮ್ಮ ಕಟ್ಟಿಕೊಟ್ಟ ಬುರ್‍ರಿತೊ ತಿಂದು, ತಲೆಯೆತ್ತಿ ನೋಡಿದೆ. ಕೆಳಗಿನಿಂದ ನೋಡಿದರೆ ಏಳನೆಯದು ಪಕ್ಕದ ಆರನೆಯದರ ಹಾಗೆಯೇ ಇತ್ತು: ಕರಿ ಕಡ್ಡಿಗಳು, ನಡುವೆ ಹಸಿರು. ಆರನೆಯದರ ಪುಟ ತೆರೆದು, ಅಲ್ಲಿನ ಅಂಕಿಗಳನ್ನು ಒಂಚೂರು ಅತ್ತಿತ್ತ ಮಾಡಿ ಬರೆದೆ. ‘ಚಿಗುರಿದ ಬುಡ ೪೧, ಸಸಿ ೨.’ ನಲವತ್ತು ಎಂದರೆ ಸುಳ್ಳಿನ ಹಾಗೆ ಕಾಣುತ್ತದೆಂದು ನಲವತ್ತೊಂದು. ಅಷ್ಟು ಜಾಣತನ ನನ್ನಲ್ಲಿತ್ತು ಎಂಬುದೇ ಆಮೇಲೆ ನನ್ನನ್ನು ಹೆಚ್ಚು ಹೆದರಿಸಿತು.

ಏಪ್ರಿಲ್ ಮೂರನೆಯ ವಾರ ಕ್ಯಾಪ್ಟನ್ ನಕ್ಷೆ ಕಳಿಸಿದರು. ಆರು ಮತ್ತು ಏಳಕ್ಕೆ ಹಳದಿ ಬಣ್ಣ. ಹಳದಿ ಎಂದರೆ ಆಡು. ಶುಕ್ರವಾರ ಹನ್ನೊಂದು ಗಂಟೆಗೆ ಬೆನ್ಯಾತ್ ಇರಿಬಾರ್ನೆಯ ಇನ್ನೂರು ಆಡುಗಳು ಬರುತ್ತವೆ, ಮೊದಲು ಏಳಕ್ಕೆ, ಮುಗಿದ ಮೇಲೆ ಆರಕ್ಕೆ.

ಸಿಕ್ಕಿಬೀಳುತ್ತೇನೆಂದು ಹೆದರಿದೆ. ಆದರೆ ಭಯದ ಜೊತೆಗೇ ಇನ್ನೊಂದು ನನ್ನನ್ನು ಕೊರೆಯತೊಡಗಿತು. ನಾನು ಕೂತಲ್ಲೇ ಕಟ್ಟಿದ ನಲವತ್ತೊಂದು ಎಷ್ಟರ ಮಟ್ಟಿಗೆ ನಿಜ? ಅಲ್ಲಿ ನಿಜವಾಗಿ ಏನಿದೆ? ಹೋಗಿ ನೋಡಿ, ಹೆಚ್ಚುಕಡಿಮೆ ಸರಿ ಇದ್ದರೆ ಡೈರಿಗೂ ಹೇಳದೆ ಸುಮ್ಮನಿದ್ದುಬಿಡಬಹುದು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಟೇಪು, ಬರೆಯುವ ಹಲಗೆ, ಪೆನ್ಸಿಲು ಹಿಡಿದು ಆ ಗೇಟಿನ ಮುಂದೆ ನಾಲ್ಕನೆಯ ಸಲ ನಿಂತೆ.

ಗೇಟು ತಟ್ಟುವ ಮುಂಚೆಯೇ ಹೆಬ್ಬಾತುಗಳು ಕೂಗಿದವು. ದೋನ್ಯಾ ಹೆರ್ಲಿಂದಾ ಹೊರಗೆ ಬಂದಳು. ಎಪ್ಪತ್ತು ದಾಟಿದ, ಗಿಡ್ಡಗಿನ ಹೆಂಗಸು. ಏಪ್ರನ್ನಿನ ಜೇಬಿನ ತುಂಬ ಬಟ್ಟೆ ಕ್ಲಿಪ್ಪುಗಳು.

“ಯಾರಿಗೆ ಏನು ಬೇಕು?”

“ದೋನ್ಯಾ ಹೆರ್ಲಿಂದಾ, ನಾನು... ಮೇಲೆ ಹೋಗ್ಬೇಕಿತ್ತು. ಗಿಡ ನೋಡೋಕೆ.”

“ಜೋರಾಗಿ ಹೇಳು ಮಿಹಾ, ನನ್ನ ಮಗಳೇ, ಬಾತುಗಳಿಗೆ ಕೇಳಿಸ್ತಿದೆ, ನನಗೆ ಕೇಳಿಸ್ತಿಲ್ಲ.” ಹತ್ತಿರ ಬಂದು ಮುಖ ನೋಡಿದಳು. “ರೊಸೌರಾ ಮಗಳಲ್ವಾ ನೀನು? ಬಿಳಿ ಗಾಡೀಲಿ ಬಂದು ಬಂದು ಕೂತ್ಕೊಳ್ಳೋಳು?”

ನನ್ನ ಕಿವಿ ಬಿಸಿಯಾಯಿತು.

“ನಾನು ಅಂದ್ಕೊಂಡೆ, ಯಾವನೋ ಹುಡುಗನ್ನ ಕಾಯ್ತಿದಾಳೆ ಅಂತ. ಆಮೇಲೆ ನೋಡಿದ್ರೆ ಬುರ್‍ರಿತೊ ತಿಂತಿದೀಯ. ಸರಿ, ಹೊಟ್ಟೆ ಹಸಿದಿರ್ಬೇಕು ಅಂತ ಸುಮ್ಮನಾದೆ.” ಚಿಲಕ ತೆಗೆದಳು. “ಬಾ. ಇವು ಕಚ್ಚಲ್ಲ. ಅಂದ್ರೆ, ಓಡಿದ್ರೆ ಕಚ್ತವೆ.”

ನಾನು ಓಡದೆ ಹಿತ್ತಿಲು ದಾಟಿದೆ. ಒಣಹಾಕಿದ ಚಾದರಗಳ ಕೆಳಗೆ ತಲೆ ತಗ್ಗಿಸಿ, ಒಂದು ಬದಿ ಸುಟ್ಟ ಪಾಪಾಸುಕಳ್ಳಿಯ ಪೊದೆ ಬಳಸಿ ಹೋದರೆ ಕಾಲುದಾರಿ. ತಿರುಗಿ ನೋಡಿದರೆ ದೋನ್ಯಾ ಹೆರ್ಲಿಂದಾ ಕೈಯಲ್ಲೊಂದು ಕೋಲು ಹಿಡಿದು ಹಿಂದೆಯೇ ಬರುತ್ತಿದ್ದಳು.

“ನೀವ್ಯಾಕೆ ಕಷ್ಟ ಪಡ್ತೀರಿ...”

“ಕಷ್ಟ ಏನು? ಬೆಂಕಿ ಬಂದ್ಮೇಲೆ ನಾನು ಮೇಲೆ ಹೋಗೇ ಇಲ್ಲ. ಒಬ್ಳೇ ಹೋಗೋಕೆ ಮನಸ್ಸು ಬರ್ಲಿಲ್ಲ.” ಸ್ವಲ್ಪ ದೂರ ನಡೆದು ಕೇಳಿದಳು: “ಹೋದ ಸಲ ನೀನು ಯಾವ ಕಡೆಯಿಂದ ಹತ್ತಿದೆ?”

“ಮೇಲಿನ ದಾರಿಯಿಂದ.”

“ಹೂಂ” ಎಂದಳು ದೋನ್ಯಾ ಹೆರ್ಲಿಂದಾ. ಆ ದಾರಿ ಕೊಚ್ಚಿಹೋಗಿ ಮೂರು ತಿಂಗಳಾಗಿದೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಆ ‘ಹೂಂ’ನಿಂದ ತಿಳಿಯಲಿಲ್ಲ.

ದಾರಿಯ ಬಲಕ್ಕೆ ಆರನೆಯ ಇಳಿಜಾರು. ಅದು ಉತ್ತರಕ್ಕೆ ಮುಖ ಮಾಡಿದೆ. ಬೆಳಿಗ್ಗೆಯ ತಂಪು ಇನ್ನೂ ಅಲ್ಲಿತ್ತು. ಕುರುಚಲು ಓಕ್‌ಗಳು, ಟೊಯೊನ್ ಪೊದೆಗಳು ಸುಟ್ಟ ಕೊಂಬೆಗಳ ಸುತ್ತ ಎದೆಮಟ್ಟ ಚಿಗುರಿ ಹಸಿರು ಗುಡ್ಡೆಗಳಾಗಿದ್ದವು. ಒಳಗೆಲ್ಲೋ ಒಂದು ಪುಟ್ಟ ರೆಂಟಿಟ್ ಹಕ್ಕಿ ಕೂಗುತ್ತಿತ್ತು. ಚೆಂಡೊಂದನ್ನು ಮೇಲಿಂದ ಬಿಟ್ಟರೆ ಮೊದಲು ನಿಧಾನಕ್ಕೆ, ಆಮೇಲೆ ಬೇಗಬೇಗ ಪುಟಿದು ನಿಲ್ಲುತ್ತದಲ್ಲ, ಹಾಗೆ. ಬೆಂಕಿಯ ಮುಂಚೆ ಬೆಳಗ್ಗೆ ಎದ್ದರೆ ಅದೇ ಸದ್ದು. ಒಂದು ವರ್ಷ ಇರಲಿಲ್ಲ.

“ಬಂತಲ್ಲ ಕಳ್ಳ” ಎಂದಳು ದೋನ್ಯಾ ಹೆರ್ಲಿಂದಾ. “ಗೇಣುದ್ದ ಇಲ್ಲ, ಕಣಿವೆಯೆಲ್ಲ ತನ್ನದೇ ಅನ್ನೋ ಹಾಗೆ ಕೂಗ್ತಾನೆ.”

ದಿಬ್ಬದ ಹೆಗಲನ್ನು ಬಳಸಿ ಎಡಕ್ಕೆ ತಿರುಗಿದೆವು. ನಾನು ನಿಂತುಬಿಟ್ಟೆ.

ಹತ್ತು ಹೆಜ್ಜೆಯಲ್ಲಿ ಬೇರೆ ಜಾಗ. ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಕಾಲಡಿ ಸಡಿಲ ಜಲ್ಲಿ. ಏಳನೆಯದು ದಕ್ಷಿಣಕ್ಕೆ ಮುಖ ಮಾಡಿದೆ ಎಂಬುದು ನಕ್ಷೆಯಲ್ಲೇ ಇತ್ತು. ನಾನು ಹಳದಿ ಬಣ್ಣವನ್ನಷ್ಟೇ ನೋಡಿದ್ದೆ. ಕರಿ ಕಡ್ಡಿಗಳು ಮಾತ್ರ ಆರನೆಯದರ ಹಾಗೇ ಸಾಲುಸಾಲಾಗಿ ನಿಂತಿದ್ದವು. ಮೊದಲನೆಯದರ ಬುಡಕ್ಕೆ ಬಗ್ಗಿ ನೋಡಿದೆ. ಚಿಗುರಿಲ್ಲ. ಎರಡನೆಯದು, ಮೂರನೆಯದು, ಇಲ್ಲ. ನಾಲ್ಕನೆಯದನ್ನು ಹಿಡಿದು ಅಲ್ಲಾಡಿಸಿದೆ. ಹಾಲುಹಲ್ಲಿನ ಹಾಗೆ ಬೇರುಸಮೇತ ಕೈಗೆ ಬಂತು. ಕೆಳಗೆ ಗಂಟೂ ಇಲ್ಲ, ಏನೂ ಇಲ್ಲ.

“ಎಲ್ಲಾ ಸತ್ತೋಯ್ತಾ?” ಕೇಳಿದಳು ದೋನ್ಯಾ ಹೆರ್ಲಿಂದಾ.

ಉತ್ತರ ಗೊತ್ತಿಲ್ಲದಾಗ ನಾನು ಟೇಪು ಹಾಸುತ್ತೇನೆ. ಹಾಸಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬುಡಗಳನ್ನು ಎಣಿಸಿದೆ: ನಲವತ್ತಮೂರು. ನನ್ನ ಸುಳ್ಳಿಗಿಂತ ಎರಡೇ ಹೆಚ್ಚು! ಕ್ಷಣಕಾಲ ನಗು ಬಂತು. ಆದರೆ ಅವುಗಳಲ್ಲಿ ಚಿಗುರಿದ್ದು ಐದು. ಐದೂ ಚಮೀಸೊ ಪೊದೆ, ಅದನ್ನು ಸುಟ್ಟರೂ ಕಡಿದರೂ ಸಾಯಿಸಲಾಗದು. ಮಿಕ್ಕ ಮೂವತ್ತೆಂಟು ನಿಂತಲ್ಲೇ ಸತ್ತಿದ್ದವು.

“ಮತ್ತೆ ಕೆಳಗಿಂದ ಹಸಿರು ಕಾಣ್ತಿತ್ತಲ್ಲ...” ಎಂದು ನನಗೆ ನಾನೇ ಹೇಳಿಕೊಂಡೆ.

“ಇದಿರ್ಬೇಕು” ಎಂದಳು ದೋನ್ಯಾ ಹೆರ್ಲಿಂದಾ. ಅವಳು ಆಗಲೇ ಒಂದು ಕಲ್ಲಿನ ಮೇಲೆ ಕೂತು ಕೋಲಿನಿಂದ ನೆಲ ತೋರಿಸುತ್ತಿದ್ದಳು. “ಇದೇನಿದು, ಪುದೀನ ಬಿತ್ತಿದ ಹಾಗೆ?”

ಮೊಣಕಾಲೂರಿದೆ. ಗೇಣುದ್ದದ ಸಸಿಗಳು. ಒಂದರ ಪಕ್ಕ ಒಂದು, ಒಂದನ್ನೊಂದು ತಳ್ಳಿಕೊಂಡು. ಎಲೆ ಚಿಕ್ಕದು, ದಪ್ಪ, ಗಡಸು. ಎದುರುಬದುರು ಜೋಡಿಯಾಗಿ ಹುಟ್ಟಿದೆ. ಒಂದು ಎಲೆಯನ್ನು ಉಗುರಿನಲ್ಲಿ ಮಗುಚಿದೆ. ಕೆಳಗೆ ಬೆಳ್ಳಗೆ, ಉಣ್ಣೆಯ ಹಾಗೆ. ತರಗತಿಯಲ್ಲಿ ಒತ್ತಿ ಒಣಗಿಸಿದ ರೂಪದಲ್ಲಿ ಮಾತ್ರ ನೋಡಿದ್ದೆ.

“ಕಾಡು ಲಿಲಾಕ್, ದೋನ್ಯಾ ಹೆರ್ಲಿಂದಾ. ಬಿಳಿ ಹೂವಿನದು. ಬೆಳ್ಳೆಲೆಯದು.”

“ಬಿಳೀದಾ? ಫೆಬ್ರವರೀಲಿ ಬಿಡ್ತಿತ್ತಲ್ಲ ಅದಾ? ಈ ಗುಡ್ಡಕ್ಕೆ ಯಾರೋ ಚಾದರ ಒಣಗಹಾಕಿದ ಹಾಗೆ ಕಾಣೋದು. ಜೇನಿನ ಗುಂಯ್ ಸದ್ದು ಅಡುಗೆಮನೆಗೆ ಕೇಳಿಸೋದು. ಅದು ಸತ್ತೋಯ್ತು ಅಂತ ನಾನು ಅತ್ತಿದ್ದೆ. ಗಂಡ ಸತ್ತಾಗ ಅಷ್ಟು ಅಳ್ಲಿಲ್ಲ ಅಂತ ಊರೆಲ್ಲ ಹೇಳ್ತಾರೆ, ಬಿಡು.”

“ಸತ್ತಿದೆ. ಇದು ಚಿಗುರೋ ಜಾತಿ ಅಲ್ಲ. ದೊಡ್ಡದು ಸುಟ್ರೆ ಸತ್ತೇ ಹೋಗುತ್ತೆ. ಆದ್ರೆ ಬೀಜ ಮಣ್ಣಲ್ಲಿ ಇರುತ್ತೆ. ಬೆಂಕಿಯ ಕಾವು ತಾಗಿದ್ರೇನೇ ಸಿಪ್ಪೆ ಬಿಡೋದು.”

“ಯಾವಾಗಿನ ಬೀಜ?”

“ಇಲ್ಲಿ ಇದಕ್ಕೆ ಮುಂಚೆ ಬೆಂಕಿ ಯಾವಾಗ ಬಂದಿತ್ತು?”

ದೋನ್ಯಾ ಹೆರ್ಲಿಂದಾ ಬೆರಳು ಮಡಚಿದಳು. “ನಾನು ಮದುವೆಯಾಗಿ ಈ ಮನೆಗೆ ಬಂದಾಗ ಗುಡ್ಡ ಬೋಳಾಗಿತ್ತು. ಹಿಂದಿನ ವರ್ಷ ಸುಟ್ಟಿತ್ತಂತೆ. ನಲವತ್ತೇಳು ವರ್ಷ ಆಯ್ತು.”

“ಹಾಗಾದ್ರೆ ನಲವತ್ತು ವರ್ಷದಷ್ಟು ಹಳೇ ಬೀಜಾನೂ ಇದರಲ್ಲಿರಬಹುದು. ಹೋದದ್ದರ ಹಿಂದಿನ ವರ್ಷ ಬಿದ್ದದ್ದೂ ಇರಬಹುದು. ಜೂನ್ ತಿಂಗಳಲ್ಲಿ ಕಾಯಿ ಒಣಗಿ ಸಿಡಿಯುತ್ತೆ.”

“ಟಪ್ ಟಪ್ ಅಂತನಾ?”

“ಹೌದು!”

“ಅಯ್ಯೋ ದೇವರೇ!” ದೋನ್ಯಾ ಹೆರ್ಲಿಂದಾ ಕೋಲನ್ನು ನೆಲಕ್ಕೆ ಕುಟ್ಟಿದಳು. “ಪ್ರತಿ ಜೂನ್‌ನಲ್ಲಿ ಗುಡ್ಡದ ಬುಡದಲ್ಲಿರೋ ನನ್ನ ಶೆಡ್ಡಿನ ತಗಡಿನ ಮೇಲೆ ಬೀಳೋದು. ನಾನು ಮೇಲಿನ ಮನೆ ಲೊಯೋಲನ ಮಕ್ಕಳು ಕಲ್ಲು ಹೊಡೀತಾರೆ ಅಂತ ಅವರಮ್ಮನ ಹತ್ರ ಜಗಳ ಆಡಿದೀನಿ. ಹತ್ತು ವರ್ಷ ಮಾತು ಬಿಟ್ಟಿದ್ವಿ.”

ನಾನು ಜೋರಾಗಿ ನಕ್ಕೆ. ನನ್ನ ನಗು ನನಗೇ ಅಪರಿಚಿತವಾಗಿ ಕೇಳಿಸಿತು.

ಆಮೇಲೆ ಎಣಿಸಲು ಕೂತೆವು. ಒಂದು ಮೀಟರ್ ಮುಗಿಸುವಷ್ಟರಲ್ಲಿ ಹದಿನಾಲ್ಕು ಸಸಿ. ಲೆಕ್ಕ ತಪ್ಪದಿರಲೆಂದು ದೋನ್ಯಾ ಹೆರ್ಲಿಂದಾ ಹತ್ತಕ್ಕೊಂದರಂತೆ ಬಟ್ಟೆ ಕ್ಲಿಪ್ಪನ್ನು ಟೇಪಿಗೆ ಸಿಕ್ಕಿಸುತ್ತ ಬಂದಳು. ಅವಳ ಪ್ರಶ್ನೆಗಳು ನಿಲ್ಲಲಿಲ್ಲ. ನಾನು ತರಗತಿಯಲ್ಲಿ ಕೇಳಲು ನಾಚಿದ ಪ್ರಶ್ನೆಗಳೆಲ್ಲ ಅವಳ ಬಾಯಲ್ಲಿದ್ದವು.

“ಇದರ ತುದಿ ಕತ್ತರಿಸಿದ ಹಾಗಿದೆ?”

“ಮೊಲ. ನೋಡಿ, ಕತ್ತರೀಲಿ ಕತ್ತರಿಸಿದ ಹಾಗೆ ಓರೆ. ಜಿಂಕೆಯಾದ್ರೆ ಹರಿದ ಹಾಗಿರುತ್ತೆ.”

“ಈ ಒಣಗಿದ್ದು?”

“ಹೋದ ಬೇಸಿಗೇಲಿ ನೀರಿಲ್ಲದೆ ಸತ್ತದ್ದು. ಎಲ್ಲಾ ಬದುಕಲ್ಲ. ಹತ್ತರಲ್ಲಿ ಒಂದೋ ಎರಡೋ.”

“ಮತ್ತೆ ಇದು, ಗಂಟೆ ಗಂಟೆ ಥರ ಇರೋದು?”

ಒಣಗಿ ನಿಂತ ಕಡ್ಡಿಗಳ ಮೇಲೆ ಕಾಗದದಂಥ ಪುಟ್ಟ ಹೂಗಳು. ಗಾಳಿ ಬೀಸಿದರೆ ಸರಸರ ಎನ್ನುತ್ತಿದ್ದವು. ಬೆಂಕಿಯ ಮರುವರ್ಷ ಮಾತ್ರ ಹೇರಳವಾಗಿ ಹುಟ್ಟಿ, ಹಳದಿ ಹೂ ಬಿಟ್ಟು, ಬೀಜ ಉದುರಿಸಿ ಮತ್ತೆ ಮುಂದಿನ ಬೆಂಕಿಯವರೆಗೆ ಮಣ್ಣೊಳಗೆ ಮಲಗುವ ಜಾತಿ ಅದು ಎಂದೆ. ಹೋದ ಬೇಸಿಗೆ ರಾತ್ರಿಯೆಲ್ಲ ಛಾವಣಿಯಲ್ಲಿ ಇಲಿ ಓಡಾಡುತ್ತಿದೆಯೆಂದು ಬೋನು ಇಟ್ಟಿದ್ದಾಗಿಯೂ ಒಂದೂ ಬೀಳಲಿಲ್ಲವೆಂದೂ ದೋನ್ಯಾ ಹೆರ್ಲಿಂದಾ ಹೇಳಿದಳು. ಬರೀ ಈ ಹೂಗಳ ಸದ್ದಿಗೆ ಬೋನಿಟ್ಟೆನಲ್ಲ ಎಂದು ಅವಳಿಗೆ ಖುಷಿಯೋ ಖುಷಿ.

ಸ್ವಲ್ಪ ಹೊತ್ತಿನ ಮೇಲೆ ಗಂಭೀರಳಾಗಿ ಕೇಳಿದಳು: “ಒಂದು ಹೇಳು. ಇದು ದೊಡ್ಡದಾದ್ರೆ ಮತ್ತೆ ಉರಿಯುತ್ತಾ?”

“ಉರಿಯುತ್ತೆ. ಒಂದಿನ ಉರಿದೇ ಉರಿಯುತ್ತೆ.”

“ಹಾಗಾದ್ರೆ ಆಡು ತಿಂದ್ಕೊಳ್ಳಲಿ ಬಿಡು ಅಂತೀನಿ ನಾನು. ಸಮಿತಿಗೆ ಆಡು ತರಿಸಿ ಅಂತ ಅರ್ಜಿ ಕೊಟ್ಟಿದ್ದೇ ನಾನು. ಆ ರಾತ್ರಿ ಈ ಬಾತುಗಳನ್ನ ಕಾರಿನ ಹಿಂದಿನ ಸೀಟಲ್ಲಿ ಹಾಕ್ಕೊಂಡು ಓಡಿದೀನಿ.”

“ಇದನ್ನ ತಿಂದ್ರೆ ಇಲ್ಲಿ ಬೋಳು ನೆಲ ಉಳಿಯಲ್ಲ, ದೋನ್ಯಾ ಹೆರ್ಲಿಂದಾ. ಹುಲ್ಲು ಬರುತ್ತೆ, ರಸ್ತೆ ಪಕ್ಕದ ಕಾಡು ಓಟ್ಸು. ಮೇ ತಿಂಗಳಿಗೆ ಒಣಗುತ್ತೆ, ಒಂದು ಕಿಡಿ ಸಾಕು. ಲಿಲಾಕ್ ಉರಿಯೋಕೆ ನಲವತ್ತೇಳು ವರ್ಷ ತಗೊಂಡಿತು. ಹುಲ್ಲು ವರ್ಷ ವರ್ಷ ಉರಿಯಬಹುದು. ಅಲ್ಲದೆ ಇವು ಕಾಯಿ ಬಿಡೋಕೇ ಏಳೆಂಟು ವರ್ಷ ಬೇಕು. ಈಗ ಹೋದ್ರೆ ಮಣ್ಣಲ್ಲಿ ಬೀಜಾನೂ ಇಲ್ಲ. ಎಲ್ಲಾ ಎದ್ದುಬಿಟ್ಟಿದೆ.”

ಇಷ್ಟುದ್ದ ನಾನು ಯಾರ ಮುಂದೆಯೂ ಮಾತಾಡಿದ್ದು ನೆನಪಿಲ್ಲ. ದೋನ್ಯಾ ಹೆರ್ಲಿಂದಾ ನನ್ನನ್ನೇ ನೋಡುತ್ತಿದ್ದಳು.

“ಇಷ್ಟೆಲ್ಲ ಗೊತ್ತಿರೋಳು, ಹೋದ ಸಲ ಇದನ್ನ ನೋಡ್ಲಿಲ್ವಾ?”

“ಸರಿಯಾಗಿ... ಕಾಣ್ಲಿಲ್ಲ” ಎಂದೆ. ಅವಳು ಇನ್ನೊಂದು ಕ್ಲಿಪ್ಪು ಸಿಕ್ಕಿಸಿದಳು.

ಟೇಪಿನ ಕೊನೆ ಮುಟ್ಟುವಷ್ಟರಲ್ಲಿ ಹತ್ತೂಮುಕ್ಕಾಲು. ಆರುನೂರ ಹನ್ನೆರಡು ಸಸಿ. ಅಂಕಿಯನ್ನು ಹಲಗೆಯ ಮೇಲೆ ಬರೆದು, ಮತ್ತೆ ಮತ್ತೆ ನೋಡಿದೆ. ಕೆಳಗೆ ಲಾರಿ ನಿಂತ ಸದ್ದು. ಅದರ ಹಿಂದೆಯೇ ಇನ್ನೂರು ಗಂಟಲುಗಳ ಮೇಮೇ.

ನಾವು ಇಳಿಯುವ ಮೊದಲೇ ಅವರು ಹತ್ತಿ ಬಂದರು. ಮುಂದೆ ಬೆನ್ಯಾತ್, ಹೆಗಲ ಮೇಲೆ ವಿದ್ಯುತ್ ಬೇಲಿಯ ಬಲೆಯ ಸುರುಳಿ; ಕಡಲಾಚೆಯಿಂದ ಬಂದ ಅವನ ಬಾಸ್ಕ್ ಕುಟುಂಬ ಮುತ್ತಜ್ಜನ ಕಾಲದಿಂದ ಈ ಬೆಟ್ಟಗಳಲ್ಲಿ ಕುರಿ, ಆಡು ಮೇಯಿಸಿಕೊಂಡು ಬಂದಿದೆ. ಹಿಂದೆ ಏದುಸಿರು ಬಿಡುತ್ತ ಕ್ಯಾಪ್ಟನ್.

“ಓಹೋ, ವಿಜ್ಞಾನಿಗಳು ನಮಗಿಂತ ಮುಂಚೆ ಬಂದಿದಾರೆ!” ಎಂದ ಬೆನ್ಯಾತ್. “ದೋನ್ಯಾ ಹೆರ್ಲಿಂದಾ, ನಿಮ್ಮ ಬಾತು ನನ್ನ ನಾಯೀನ ಅಟ್ಟಿಸ್ಕೊಂಡು ಹೋಯ್ತು. ತೋಳ ಕಂಡ್ರೆ ಹೆದರದ ನಾಯಿ ಅದು, ಲಾರಿ ಕೆಳಗೆ ಕೂತಿದೆ.”

“ನಿನ್ನ ನಾಯಿ ಕೇಳದೆ ಬಂತು” ಎಂದಳು ದೋನ್ಯಾ ಹೆರ್ಲಿಂದಾ.

ನಾನು ಕ್ಯಾಪ್ಟನ್ನರ ಬಲಗಡೆಗೆ ಹೋಗಿ, “ಇಲ್ಲಿ ಆಡು ಬಿಡೋ ಹಾಗಿಲ್ಲ, ಕ್ಯಾಪ್ಟನ್. ಸಸಿ ತುಂಬ ಇದೆ. ಆರುನೂರ ಹನ್ನೆರಡು” ಎಂದೆ.

ಕ್ಯಾಪ್ಟನ್ ಕನ್ನಡಕ ಹಾಕಿಕೊಂಡು ಜೇಬಿನಿಂದ ಪಟ್ಟಿ ತೆಗೆದರು. “ಇಲ್ಲಿ ಎರಡು ಅಂತ ಇದೆ. ನೀನೇ ಬರ್ದಿದ್ದು.”

ಬೆನ್ಯಾತ್ ಬಲೆ ಇಳಿಸಿ, ಕುಕ್ಕರಗಾಲಲ್ಲಿ ಕೂತು ಒಂದು ಸಸಿಯ ಬುಡವನ್ನು ಬೆರಳಲ್ಲಿ ಹಿಂಡಿ ನೋಡಿದ. “ಹೊಸದಲ್ಲ ಇದು. ಕಾಂಡ ಕಟ್ಟಿಗೆಯಾಗಿದೆ, ಹೋದ ವರ್ಷದ್ದು. ನನ್ನ ಆಡಿಗೆ ಇದಂದ್ರೆ ಮಿಠಾಯಿ. ಮೂರು ದಿನದಲ್ಲಿ ಒಂದೂ ಉಳಿಸಲ್ಲ.”

“ಹೋದ ವರ್ಷದ್ದು ಅಂದ್ರೆ ಮಾರ್ಚ್‌ನಲ್ಲೂ ಇತ್ತು” ಎಂದರು ಕ್ಯಾಪ್ಟನ್. ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಅದೇ ಕಷ್ಟವಾಯಿತು. “ಆರುನೂರು ಗಿಡ ನಿನ್ನ ಕಣ್ಣಿಗೆ ಬೀಳ್ಲಿಲ್ವಾ, ಮಗಳೇ?”

ನಾನು ಹಲಗೆಯ ಕಡೆ ನೋಡುತ್ತ ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಾಗಲಿಲ್ಲ.

“ಮೊದಲ ಕೆಲಸ. ಆಗುತ್ತೆ” ಎಂದು ಅವರು ಪಟ್ಟಿಯನ್ನು ಮಡಚಿದರು. “ಆದ್ರೆ ಇಷ್ಟು ದೊಡ್ಡದು ತಪ್ಪಿದೆ ಅಂದ್ರೆ, ಮಿಕ್ಕ ಆರು ಕಡೆ ಏನೇನು ತಪ್ಪಿದೆಯೋ. ಈ ಪಟ್ಟಿ ನಂಬಿ ಎಲ್ಲೂ ಆಡು ಬಿಡೋಕಾಗಲ್ಲ. ಬೆನ್ಯಾತ್, ವಾಪಸ್ ತಗೊಂಡ್ಹೋಗು. ಈ ವರ್ಷ ಬೇಡ.”

“ಈ ವರ್ಷ ಬೇಡ ಅಂದ್ರೆ?” ದೋನ್ಯಾ ಹೆರ್ಲಿಂದಾ ಕಲ್ಲಿನಿಂದ ಎದ್ದಳು. “ಆರನೇದು ನನ್ನ ಅಡುಗೆಮನೆ ಕಿಟಕಿಗೆ ತಾಗಿದೆ. ಎದೆಮಟ್ಟ ಬೆಳ್ದಿದೆ. ಈ ನವೆಂಬರ್‌ಗೆ ಮತ್ತೆ ಆ ಗಾಳಿ ಬಂದ್ರೆ?”

“ಬೇಡ ಅನ್ನೋಕೆ ನನಗೂ ಇಷ್ಟ ಇಲ್ಲ, ಹೆರ್ಲಿಂದಾ. ಅಲ್ಲೂ ಹೀಗೇ ಸಸಿ ಇದ್ರೆ ಯಾರು ಜವಾಬ್ದಾರಿ?”

ಬೆನ್ಯಾತ್ ಬಲೆಯನ್ನು ಮತ್ತೆ ಹೆಗಲಿಗೇರಿಸಿದ. “ಹೇಳಿ ಬೇಗ. ಲಾರೀಲಿ ಕಾವು ಏರ್ತಿದೆ.”

ಆರನೆಯದರಲ್ಲಿ ಸಸಿ ಮೂರು. ನನಗೆ ಗೊತ್ತು; ಆ ಮೂರೂ ಎಲ್ಲೆಲ್ಲಿವೆ ಎಂದು ಕಣ್ಣುಮುಚ್ಚಿ ತೋರಿಸಬಲ್ಲೆ. ಹದಿನೇಳನೆಯ ಮೀಟರಿನಲ್ಲಿ ಎರಡು, ನಲವತ್ತರ ಹತ್ತಿರ ಒಂದು. ಒಂದನೆಯದರಿಂದ ಆರನೆಯದರವರೆಗಿನ ಪುಟಗಳು ನಾನು ಈವರೆಗೆ ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ನಿಜವಾದವು. ಕಣ್ಣಿಗೆ ಬೀಳಲಿಲ್ಲ ಎಂದು ನಾನು ಒಪ್ಪಿಕೊಂಡು ನಿಂತರೆ ಅವೂ ಸುಳ್ಳಾಗುತ್ತವೆ. ಆಡುಗಳು ಹಿಂದಿರುಗುತ್ತವೆ, ಆ ಓಕ್‌ಗಳು ಕಿಟಕಿಯವರೆಗೆ ಬೆಳೆಯುತ್ತವೆ, ನವೆಂಬರಿನಲ್ಲಿ ದೋನ್ಯಾ ಹೆರ್ಲಿಂದಾ ಕಾರಿನ ಕೀಲಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ.

ಅವಳ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ತನ್ನ ಗೇಟನ್ನು ಮಾರ್ಚಿನಲ್ಲಿ ಯಾರಿಗೂ ತೆಗೆದಿರಲಿಲ್ಲವೆಂದು ಅವಳಿಗೆ ಗೊತ್ತು. ಒಂದು ಮಾತು ಅವಳೇ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ತುಟಿ ಬಿಗಿದುಕೊಂಡು, ಟೇಪಿನಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

“ಆರರ ಲೆಕ್ಕ ಸರಿಯಿದೆ” ಎಂದೆ.

“ಏನಂದೆ?” ಕ್ಯಾಪ್ಟನ್ ಇಳಿಯಲು ತಿರುಗಿದ್ದರು. ಅವರ ಎಡಗಿವಿ ನನ್ನ ಕಡೆಗಿತ್ತು. “ಈ ಕಡೆ ಬಾ, ಕೇಳಿಸಲ್ಲ.”

ನಾನು ಆ ಕಡೆ ಹೋಗಲಿಲ್ಲ. ಹೋದರೆ ಮೆಲ್ಲಗೆ ಹೇಳುತ್ತೇನೆ, ಮೆಲ್ಲಗೆ ಹೇಳಿದರೆ ಅರ್ಧ ನುಂಗುತ್ತೇನೆ. ನಿಂತಲ್ಲೇ ಉಸಿರೆಳೆದುಕೊಂಡೆ.

“ಆರೂ ಕಡೆ ಲೆಕ್ಕ ಸರಿಯಿದೆ, ಕ್ಯಾಪ್ಟನ್. ಏಳಕ್ಕೆ ನಾನು ಬಂದೇ ಇರ್ಲಿಲ್ಲ. ಗೇಟು ತಟ್ಟೋಕೆ ಹೆದರ್ಕೊಂಡು, ಕೆಳಗೆ ಗಾಡೀಲಿ ಕೂತು ಬರ್ದೆ.”